ಮುನ್ನೂರ ಹನ್ನೆರಡರ ಎರಡನೇ ಗುಟುಕು

ಹೋದ ಭಾನುವಾರ ಅತ್ತೆಯ ಮನೆ ಖಾಲಿ ಮಾಡಿದೆವು. ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿ, ಮಗ್ಗಿ ಕಲಿಸಿ, ಬೈದು ಬೆಳೆಸಿದವಳು. ಅವಳು ತೀರಿಕೊಂಡು ಇಪ್ಪತ್ತಾರು ದಿನವಾಗಿತ್ತು. ಇವರು ಮಂಚದ ಸ್ಕ್ರೂ ಬಿಚ್ಚುತ್ತಿದ್ದರು. ಹತ್ತು ತಿಂಗಳ ನಮ್ಮ ಮಗಳು ಪುಟ್ಟಿ ಆ ಸ್ಕ್ರೂಗಳನ್ನು ಬಾಯಿಗೆ ಹಾಕಿಕೊಳ್ಳಲು ಅಂಬೆಗಾಲಿನಲ್ಲಿ ಹೊಂಚು ಹಾಕುತ್ತಿದ್ದಳು. ನಾನು ಫ್ರಿಜ್ಜಿನ ಮುಂದೆ ಬಕೆಟ್ಟು ಇಟ್ಟುಕೊಂಡು ಐಸು ಕರಗಿಸುತ್ತಿದ್ದೆ. ಮೇಲಿನ ಖಾನೆಯಲ್ಲಿ, ಬಟಾಣಿ ಪೊಟ್ಟಣದ ಹಿಂದೆ, ಐಸಿನಲ್ಲಿ ಅರ್ಧ ಹೂತು ಹೋಗಿದ್ದ ಬೆರಳುದ್ದದ ಪ್ಲಾಸ್ಟಿಕ್ ಬಾಟಲಿ ಸಿಕ್ಕಿತು. ಮುಚ್ಚಳದ ಮೇಲೆ ಅತ್ತೆಯ ದುಂಡು ಬರಹದಲ್ಲಿ 312 ಎಂದಿತ್ತು.

"ಏನದು?" ಎಂದರು ಇವರು.

"ಜ್ಯೂಸು" ಎಂದೆ.

ಆ ಜ್ಯೂಸಿನ ಮರ ಈಗ ಭೂಮಿಯ ಮೇಲಿಲ್ಲ. ಅದು ಅತ್ತೆ ಒಂಬತ್ತು ವರ್ಷ ಕಾದ ಮರ. ಅದನ್ನು ಕಡಿಸಿದ್ದು ನನ್ನ ನಾಲಿಗೆ. ಇದನ್ನು ನನ್ನ ಡೈರಿಯಲ್ಲಿ ನಾಲ್ಕು ಸಲ ಬರೆಯಲು ಹೋಗಿ ನಾಲ್ಕು ಸಲ ಹಾಳೆ ಹರಿದಿದ್ದೇನೆ. ಈ ಸಲ ಅತ್ತೆಯಿಂದಲೇ ಶುರು ಮಾಡುತ್ತೇನೆ, ಆಗ ಕೈ ಓಡಬಹುದು.

ಅತ್ತೆ ಹತ್ತೊಂಬತ್ತನೇ ವಯಸ್ಸಿಗೆ ಹಣ್ಣಿನ ತಳಿ ತೋಟಕ್ಕೆ ಸೇರಿದ್ದು ಹಣ್ಣು ತೊಳೆಯುವ ಕೆಲಸಕ್ಕೆ. ಕಿತ್ತಳೆ, ಚಕ್ಕೋತ, ಮೂಸಂಬಿ, ನಿಂಬೆ, ಈ ಬಳಗದ ಮರಗಳನ್ನು ಒಂದಕ್ಕೊಂದು ಕೂಡಿಸಿ, ಹುಟ್ಟಿದ ಮಕ್ಕಳಲ್ಲಿ ಒಳ್ಳೆಯದನ್ನು ಹುಡುಕುವ ತೋಟ ಅದು. ಸೇರಿದ ಎರಡನೇ ತಿಂಗಳು ಯಾರೋ ಕೊಟ್ಟ ನೀರು ಕುಡಿದು, "ಈ ಲೋಟ ಸರಿಯಾಗಿ ತೊಳೆದಿಲ್ಲ, ಕಹಿ ಇದೆ" ಎಂದಳಂತೆ. ಬೇರೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಆಗಿನ ದೊಡ್ಡ ಸಾಹೇಬರು ತಮಾಷೆಗೆಂದು ಎಂಟು ಲೋಟ ನೀರು ಜೋಡಿಸಿ, ಲೋಟದಿಂದ ಲೋಟಕ್ಕೆ ಕಹಿಯನ್ನು ಅರ್ಧರ್ಧ ಇಳಿಸುತ್ತ ಹೋದರು. ಉಳಿದವರ ನಾಲಿಗೆ ಮೂರನೆಯದಕ್ಕೋ ನಾಲ್ಕನೆಯದಕ್ಕೋ ಸೋತಿತು. ಅತ್ತೆ ಏಳನೆಯದನ್ನೂ ಕುಡಿದು ಮುಖ ಕಿವುಚಿದಳು. ಮರುದಿನದಿಂದ ಅವಳ ಜಾಗ ರುಚಿ ಕೋಣೆಯಲ್ಲಿ. ತೋಟದವರಿಗೆಲ್ಲ ಅವಳು ನಾಲಿಗೆಯಕ್ಕ ಆದಳು.

ಆ ನಾಲಿಗೆಯನ್ನು ಅವಳು ಹಸುಗೂಸಿನ ಹಾಗೆ ಸಾಕಿದಳು. ಕಾಫಿ ಇಲ್ಲ, ಟೀ ಇಲ್ಲ, ಖಾರ ಇಲ್ಲ, ಬಿಸಿ ಊಟ ಇಲ್ಲ. ಕೆಲಸದ ದಿನ ಪೇಸ್ಟು ಮುಟ್ಟದೆ ಬರೀ ಬೆಚ್ಚಗಿನ ನೀರಲ್ಲಿ ಹಲ್ಲುಜ್ಜುತ್ತಿದ್ದಳು. ಅಪ್ಪ ಅವಳ ಎದುರಿಗೇ ಸೊರ್ರೆಂದು ಕಾಫಿ ಹೀರಿ, "ಆಹಾ, ಪಾಪ ಕೆಲವರ ಹಣೆಯಲ್ಲಿ ಬರೆದಿಲ್ಲ" ಎಂದು ಅಣಕಿಸುತ್ತಿದ್ದ. "ಕುಡಿ ಕುಡಿ" ಎನ್ನುವಳು ಅತ್ತೆ, "ನಿನ್ನ ನಾಲಿಗೆ ಚರ್ಮದ ತುಂಡು, ಚಪ್ಪಲಿ ಅಂಗಡೀಲಿ ಮಾತ್ರ ನಡೆಯುತ್ತೆ." ಆದರೂ ಅಪ್ಪ ಕಾಫಿ ಸೋಸುವಾಗ ಅವಳು ಬಾಗಿಲಲ್ಲಿ ನಿಂತು ಮೂಗರಳಿಸುವುದನ್ನು ನಾನು ನೋಡಿದ್ದೇನೆ. "ರಿಟೈರಾದ ಮಾರನೇ ದಿನ ಒಂದು ಚೊಂಬು ಕುಡೀತೀನಿ ನೋಡ್ತಿರು" ಎನ್ನುತ್ತಿದ್ದಳು.

ರುಚಿ ಕೋಣೆಯಲ್ಲಿ ಕೆಂಪು ದೀಪ. ರಸದ ಬಣ್ಣ ನೋಡಿ ಮನಸ್ಸು ಮೋಸ ಹೋಗಬಾರದು ಎಂದು. ಮೂರು ಕುರ್ಚಿ, ನಡುವೆ ಹಲಗೆಯ ಅಡ್ಡ, ಒಬ್ಬರ ಮುಖ ಒಬ್ಬರಿಗೆ ಕಾಣುವ ಹಾಗಿಲ್ಲ. ಕೂರುವ ಮುಂಚೆ ನಾಲ್ಕು ಪ್ರಶ್ನೆ ಕೇಳುವ ಕಟ್ಟಳೆ ಇತ್ತು: ನೆಗಡಿ ಇದೆಯಾ, ಹಲ್ಲುನೋವಿದೆಯಾ, ಮಾತ್ರೆ ತಗೊಂಡಿದ್ದೀರಾ, ಬಸುರಿಯಾ. ಗಂಡಸರಿಗೂ ಅತ್ತೆ ನಾಲ್ಕನ್ನೂ ಬಿಡದೆ ಕೇಳುತ್ತಿದ್ದಳು. ಎರಡನೇ ಕುರ್ಚಿಯ ಬಿಸ್ಕತ್ತಜ್ಜ, ನಡುನಡುವೆ ಬಾಯಿ ಶುದ್ಧಿಗೆಂದು ಕೊಡುವ ಸಪ್ಪೆ ಬಿಸ್ಕತ್ತು ಕದ್ದು ಜೇಬಿಗಿಳಿಸುತ್ತಿದ್ದ ಮುದುಕ, ಮೂವತ್ತು ವರ್ಷವೂ ಒಂದೇ ಉತ್ತರ ಕೊಟ್ಟ: "ಇನ್ನೂ ಇಲ್ಲಮ್ಮ, ಆದರೆ ಮೊದಲು ನಿಂಗೇ ಹೇಳ್ತೀನಿ."

ಆ ಕೆಲಸದ ಗುಟ್ಟೆಲ್ಲ ಎರಡನೇ ಗುಟುಕಿನಲ್ಲಿತ್ತು. ಬೆಳಿಗ್ಗೆ ಹತ್ತಕ್ಕೆ ರಸ ಹಿಂಡಿ ಒಂದು ಗುಟುಕು. ಉಳಿದದ್ದನ್ನು ಮುಚ್ಚಿಟ್ಟು ಸಂಜೆ ನಾಲ್ಕಕ್ಕೆ ಇನ್ನೊಂದು. ಬೆಳಿಗ್ಗೆ ಜೇನಿನಂತಿದ್ದ ರಸ ಸಂಜೆಗೆ ಕಹಿಯಾಗುವುದುಂಟು. ಅದಕ್ಕೇ ಅತ್ತೆ ಯಾವುದನ್ನೂ ಬೆಳಿಗ್ಗೆಯೇ ನಂಬುತ್ತಿರಲಿಲ್ಲ. ಹೊಸ ಗೆಳತಿ, ಹೊಸ ಸಾಹೇಬರು, ನಾನು ತಂದ ಪರೀಕ್ಷೆಯ ಅಂಕ, ಎಲ್ಲಕ್ಕೂ "ಸಂಜೆವರೆಗೆ ಇರಲಿ" ಎನ್ನುವಳು. ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಎರಡನೇ ಗುಟುಕಿನ ತನಕ ಯಾರೂ ನಿಲ್ಲಲಿಲ್ಲ ಕಣ್ರೀ" ಎಂದು ನಕ್ಕುಬಿಡುತ್ತಿದ್ದಳು.

ಮೂವರಲ್ಲಿ ಒಬ್ಬರಿಗೆ ಎರಡನೇ ಗುಟುಕು ಕಹಿಯೆನಿಸಿದರೂ ಆ ಮರ ಹೋದಂತೆಯೇ. ಕಾಂಡಕ್ಕೆ ಕೆಂಪು ಬಣ್ಣದ ಪಟ್ಟಿ ಬಳಿಯುತ್ತಾರೆ. ಎರಡು ವಾರದೊಳಗೆ ಬೇರುಸಹಿತ ಕಿತ್ತು ಆ ಗುಂಡಿಗೆ ಹೊಸ ಸಸಿ ಇಡುತ್ತಾರೆ. ಸಾವಿರಾರು ಸಸಿಗೆ ಜಾಗ ಬೇಕಲ್ಲ, ಕರುಣೆ ತೋರಿಸುತ್ತ ಕೂತರೆ ತೋಟ ಕಾಡಾಗುತ್ತದೆ. ಅತ್ತೆಯ ಮೂವತ್ತಾರು ವರ್ಷದಲ್ಲಿ ಅಲ್ಲಿಂದ ಒಂದು ತಳಿಯೂ ಹೊರಗೆ ಹೋಗಲಿಲ್ಲ. "ನನ್ನ ಜೀವಮಾನದ ಕೆಲಸ ಏನು ಹೇಳು? ಬೇಡ ಅನ್ನೋದು" ಎಂದಿದ್ದಳು ಒಮ್ಮೆ, ನನ್ನ ಮಗ್ಗುಲಲ್ಲಿ ಮಲಗಿ ಸೂರು ನೋಡುತ್ತ. "ಸಾಯೋದರೊಳಗೆ ಒಂದು ಮರಕ್ಕಾದರೂ ಬೇಕು ಅನ್ನಬೇಕು ಕಣೇ."

ಆ ಮರವೇ ಮುನ್ನೂರ ಹನ್ನೆರಡು.

ಅದು ಹಣ್ಣು ಬಿಡುವ ಒಂಬತ್ತು ವರ್ಷ ಮುಂಚೆ ತಾಯಿಮರದ ಹೂವು ಕೂಡಿಸಿದವಳು ಅತ್ತೆಯೇ. ಹೂವು ಕೂಡಿಸುವವನಿಗೆ ಆ ವಾರ ಜ್ವರ. ಇವಳು ಏಣಿ ಹತ್ತಿ, ಸಣ್ಣ ಕುಂಚದಲ್ಲಿ ಪರಾಗ ಹಚ್ಚಿ, ಹೂವಿಗೊಂದು ಕಾಗದದ ಚೀಲ ಕಟ್ಟಿದಳು. ತಾಯಿ ಚಕ್ಕೋತದ ಮಗಳು, ತಂದೆ ಸಿಹಿ ಕಿತ್ತಳೆಯ ಜಾತಿ. ಬಂದ ಬೀಜಗಳಿಂದ ಆರುನೂರ ನಲವತ್ತು ಸಸಿ. ಅವುಗಳಲ್ಲಿ ಚಳಿಗೆ ಸತ್ತವು, ರೋಗಕ್ಕೆ ಸತ್ತವು, ಮುಳ್ಳೆಂದು ಕಿತ್ತವು ಹೋಗಿ ಉಳಿದವಕ್ಕೆ ಎಲೆ ಮೇಡಂ ಬಂದರು. ಲ್ಯಾಬಿನವರು, ಎಲೆಯಿಂದ ಚುಕ್ಕಿಯಷ್ಟು ತುಂಡು ಕತ್ತರಿಸಿಕೊಂಡು ಹೋಗುತ್ತಿದ್ದುದರಿಂದ ಆ ಹೆಸರು. ಹಣ್ಣು ಬಿಡುವ ಮೊದಲೇ ಎಲೆಯಲ್ಲಿ ಕಹಿ ಓದುತ್ತೇನೆ ಎಂದದ್ದಕ್ಕೆ ಅತ್ತೆಗೆ ಸಿಟ್ಟು ಬಂದಿತ್ತು.

"ಜಾತಕ ಬರೆಯೋಕೆ ಬಂದಿದ್ದೀಯೇನಮ್ಮಾ?"

"ಜಾತಕ ಅಲ್ಲಕ್ಕ, ಅಡುಗೆ ಪುಸ್ತಕ" ಎಂದರಂತೆ ಎಲೆ ಮೇಡಂ. ಆಮೇಲೆ ತಮ್ಮ ಕೈಯನ್ನೇ ಚಾಚಿ ತೋರಿಸಿದರು. "ಹಣ್ಣಿನಲ್ಲಿ ಒಂದು ವಸ್ತು ಇದೆ, ಈ ಅಂಗೈ ಅಂದ್ಕೊಳ್ಳಿ. ಅದಕ್ಕೆ ಗಿಡ ಒಂದು ಸಕ್ಕರೆ ಅಂಟಿಸುತ್ತೆ. ಈ ಬೆರಳಿಗೆ ಅಂಟಿಸಿದರೆ ಕೆಟ್ಟ ಕಹಿ. ಆ ಬೆರಳಿಗೆ ಅಂಟಿಸಿದರೆ ರುಚಿಯೇ ಇಲ್ಲ. ಅದೇ ವಸ್ತು, ಅದೇ ಸಕ್ಕರೆ. ಎಲ್ಲಿ ಅಂಟಿಸಬೇಕು ಅನ್ನೋದು ಜೀನಿನಲ್ಲಿ ಬರೆದಿರುತ್ತೆ. ಚಕ್ಕೋತದಲ್ಲಿ ಕಹಿ ಬೆರಳಿನ ಬರಹ ಗಟ್ಟಿಯಾಗಿದೆ. ಸಿಹಿ ಕಿತ್ತಳೇಲಿ ಆ ಬರಹ ಅಳಿಸಿ ಹೋಗಿದೆ."

ಮುನ್ನೂರ ಹನ್ನೆರಡರ ತಾಯಿಯಲ್ಲಿ ಆ ಬರಹದ ಎರಡು ಪ್ರತಿ ಇದ್ದವು. ಒಂದು ಗಟ್ಟಿ, ಒಂದು ಅಳಿಸಿದ್ದು. ಮಗುವಿಗೆ ಬರುವುದು ಅದರಲ್ಲಿ ಒಂದೇ. ಎಲೆ ಮೇಡಂ ಓದಿ ಹೇಳಿದರು, ಇದಕ್ಕೆ ಅಳಿಸಿದ್ದೇ ಬಂದಿದೆ. ಅವತ್ತು ಅತ್ತೆ ಮನೆಗೆ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು, "ನನ್ನ ಮಗು ಪಾಸು!" ಎಂದು ಕೂಗಿದ್ದಳು. ಮರುಕ್ಷಣ ತಾನೇ ತನ್ನ ಬಾಯಿಗೆ ಹೊಡೆದುಕೊಂಡು, "ಸಂಜೆವರೆಗೆ ಇರಲಿ" ಎಂದಳು.

ಯಾಕೆಂದರೆ ಆ ಎಲೆ ಓದಿದ್ದು ಬೆಳಗಿನ ಕಹಿಯನ್ನು ಮಾತ್ರ. ಸಂಜೆಯ ಕಹಿಯ ವಂಶವೇ ಬೇರೆ. ಹಣ್ಣಿನೊಳಗೆ ರುಚಿಯಿಲ್ಲದೆ ಸುಮ್ಮನೆ ಕೂತಿರುವ ಒಂದು ವಸ್ತು, ಹಿಂಡಿದ ಮೇಲೆ ರಸದ ಹುಳಿಗೆ ಸಿಕ್ಕಿ ತಾಸು ತಾಸಿಗೂ ಕಹಿಯಾಗುತ್ತ ಹೋಗುತ್ತದೆ. ಹಣ್ಣು ಮಾಗುವಾಗ ಕೆಲವು ಮರಗಳು ಅದಕ್ಕೊಂದು ಸಕ್ಕರೆ ಕಟ್ಟಿ ಬಾಯಿ ಮುಚ್ಚಿಸುತ್ತವೆ, ಕೆಲವು ಮರೆಯುತ್ತವೆ. ಯಾವ ಮರ ಎಷ್ಟು ಕಟ್ಟುತ್ತದೆ ಎಂದು ಎಲೆ ನೋಡಿ ಹೇಳಲು ತಮ್ಮ ಲ್ಯಾಬಿಗೆ ಇನ್ನೂ ಬರುವುದಿಲ್ಲ ಎಂದು ಎಲೆ ಮೇಡಂ ಒಪ್ಪಿಕೊಂಡಿದ್ದರು. ಹಾಗಾಗಿ ತೋಟದ ಕಟ್ಟಳೆ ಹಳೆಯದೇ ಉಳಿಯಿತು: ಕಾಗದ ಒಂದು ಹೇಳಿ ನಾಲಿಗೆ ಇನ್ನೊಂದು ಹೇಳಿದರೆ, ನಾಲಿಗೆಯದೇ ತೀರ್ಪು.

ಮರ ಎಂಟು ವರ್ಷ ಬರೀ ಎಲೆ ತೋರಿಸಿತು. ಒಂಬತ್ತನೇ ವರ್ಷ ಹೂ ಬಿಟ್ಟಿತು. ಅದೇ ವರ್ಷ ಅತ್ತೆಯ ದವಡೆಯ ಕೆಳಗೆ ಗಂಟು ಕಂಡಿತು.

ಮೂವತ್ತು ದಿನ ಅವಳನ್ನು ಯಂತ್ರದ ಕೆಳಗೆ ಮಲಗಿಸಿದರು. ಗಂಟು ಕರಗಿತು ಎಂದರು. ಉಗುಳು ಒಣಗಿತು, ಜೊತೆಗೆ ರುಚಿಯೂ ಹೋಯಿತು. ಉಪ್ಪು ಅಷ್ಟಿಷ್ಟು ಗೊತ್ತಾಗುತ್ತಿತ್ತು, ಹುಳಿ ಉರಿಯುತ್ತಿತ್ತು. ಕಹಿ ಪೂರ್ತಿ ಇಲ್ಲ. ಆಸ್ಪತ್ರೆಯಿಂದ ಬಂದ ಮೂರನೇ ದಿನ ಅವಳೇ ಕೇಳಿದಳು.

"ಒಂದು ಲೋಟ ಕಾಫಿ ಮಾಡೇ. ಡಿಕಾಕ್ಷನ್ ದಪ್ಪಗಿರಲಿ."

ನಾನು ಮಾಡಿ ತಂದೆ. ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ಲೋಟದೊಳಗೆ ನೋಡುತ್ತ ಕೂತಳು.

"ಮೂವತ್ತಾರು ವರ್ಷ ಆಸೆಪಟ್ಟಿದ್ದು ಇದಕ್ಕೇನೇ? ಬಿಸಿನೀರು ಕುಡಿದ ಹಾಗಿದೆ."

ನಗಬೇಕೋ ಅಳಬೇಕೋ ತಿಳಿಯದೆ ನಾನು ಸೆರಗಿನ ತುದಿ ಕಚ್ಚಿದೆ. ಅವಳೇ ನಕ್ಕಳು. "ನಿಮ್ಮಪ್ಪನಿಗೆ ಹೇಳಬೇಡ, ಕುಣಿದಾಡ್ತಾನೆ."

ನಾಲಿಗೆ ಹೋಯಿತೆಂದು ಅತ್ತೆ ತೋಟದಲ್ಲಿ ಮುಚ್ಚಿಡಲಿಲ್ಲ. ಮೊದಲನೇ ದಿನವೇ ಸಾಹೇಬರಿಗೆ ಹೇಳಿ ಕುರ್ಚಿ ಬಿಟ್ಟುಕೊಟ್ಟಳು. ಪ್ರಶ್ನೆ ಕೇಳುವುದು, ಬರೆದುಕೊಳ್ಳುವುದು ಅವಳ ಕೆಲಸವಾಯಿತು. ಆದರೆ ಮುನ್ನೂರ ಹನ್ನೆರಡು ಹಣ್ಣಾದಾಗ ಮೂರನೇ ನಾಲಿಗೆ ಬೇಕಿತ್ತು. ನಾನು ಕಾಲೇಜು ಓದುವಾಗ ಎರಡು ರಜೆ ಆ ಕುರ್ಚಿಯಲ್ಲಿ ಕೂತವಳು. ಎಂಟು ಲೋಟದ ಪರೀಕ್ಷೆಯಲ್ಲಿ ಆರನೆಯದನ್ನು ಹಿಡಿದಿದ್ದೆ. ರಕ್ತದಲ್ಲಿ ಬರುತ್ತೆ ಎಂದಿದ್ದರು ಎಲೆ ಮೇಡಂ, ಕಹಿ ಮಾಡುವುದು ಹಣ್ಣಿನ ವಂಶದಲ್ಲಿರುವ ಹಾಗೆ ಕಹಿ ತಿಳಿಯುವುದು ಮನುಷ್ಯರ ವಂಶದಲ್ಲಿರುತ್ತದಂತೆ. ತೋಟದ ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ಇತ್ತು.

"ಬರ್ತೀಯಾ?" ಎಂದು ಅತ್ತೆ ಫೋನು ಮಾಡಿದಳು. "ನನ್ನ ಮರ ಅಂತ ನಾಲಿಗೆ ತೇಲಿಸಬಾರದು. ಕಹಿ ಅಂದ್ರೆ ಕಹಿ ಅನ್ನಬೇಕು. ಆಗುತ್ತಾ?"

"ಆಗುತ್ತೆ ಅತ್ತೆ."

ಆ ಬುಧವಾರ ನನಗೆ ಏಳು ವಾರ ತುಂಬಿತ್ತು. ಇವರೊಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಮುಂಚೆ ಎರಡು ಸಲ ಸಂಭ್ರಮದಿಂದ ಎಲ್ಲರಿಗೂ ಹೇಳಿ, ಎರಡು ಸಲವೂ ಒಂಬತ್ತನೇ ವಾರದಲ್ಲಿ ಕಳೆದುಕೊಂಡು, ಆಮೇಲೆ ಒಬ್ಬೊಬ್ಬರಿಗೂ "ಇಲ್ಲ, ಹೋಯ್ತು" ಎಂದು ಹೇಳಿಕೊಂಡು ತಿರುಗಿದ್ದೆ. ಎರಡನೇ ಸಲ ಅತ್ತೆ ನನಗಿಂತ ಹೆಚ್ಚು ಅತ್ತಿದ್ದಳು. ಈ ಸಲ ಮೂರು ತಿಂಗಳು ಕಳೆಯುವವರೆಗೆ ಯಾರ ಕಿವಿಗೂ ಹಾಕುವುದಿಲ್ಲ, ಅದರಲ್ಲೂ ಅತ್ತೆಗೆ ಹೇಳುವುದೇ ಇಲ್ಲ ಎಂದುಕೊಂಡಿದ್ದೆ. ಅವಳ ಮೈಯಲ್ಲಿ ಇನ್ನೊಂದು ಅಳುವಿಗೆ ಜಾಗ ಇರಲಿಲ್ಲ.

ಕೆಂಪು ದೀಪದ ಕೆಳಗೆ ಅತ್ತೆ ಕಾರ್ಡು ಹಿಡಿದು ನಿಂತಳು. ಅವಳ ಕುರ್ಚಿಯಲ್ಲಿ ನಾನು. ಆಚೆ ಬಿಸ್ಕತ್ತಜ್ಜ. ಅದರಾಚೆ ಗಡಿಯಾರದಣ್ಣ, ಎರಡನೇ ಗುಟುಕಿಗೆ ಇನ್ನೆಷ್ಟು ಹೊತ್ತೆಂದು ಹತ್ತು ನಿಮಿಷಕ್ಕೊಮ್ಮೆ ಕೇಳುವವನು.

"ನೆಗಡಿ?"

"ಇಲ್ಲ."

"ಹಲ್ಲುನೋವು? ಮಾತ್ರೆ?"

"ಇಲ್ಲ."

"ಬಸುರಿ?"

ಬಿಸ್ಕತ್ತಜ್ಜ ಆಚೆಯಿಂದ ಎಂದಿನ ಹಾಗೆ, "ನನ್ನ ಬಿಟ್ಟು ಅವಳನ್ಯಾಕೆ ಕೇಳ್ತೀಯಾ" ಎಂದ. ಎಲ್ಲರೂ ನಕ್ಕರು. ಆ ನಗೆಯಲ್ಲೇ ನಾನು, "ಇಲ್ಲ ಅತ್ತೆ" ಎಂದುಬಿಟ್ಟೆ. ಹಣ್ಣಿಗೆ ಹೊಡೆದ ಔಷಧಿ ಹೊಟ್ಟೆಯ ಕೂಸಿಗೆ ತಾಕಬಾರದೆಂದು ಆ ಪ್ರಶ್ನೆ ಇಟ್ಟಿದ್ದಾರೆ ಎಂದೇ ನಾನು ತಿಳಿದಿದ್ದೆ. ಹಣ್ಣನ್ನು ಮೂರು ನೀರಲ್ಲಿ ತೊಳೆದದ್ದನ್ನು ಕಣ್ಣಾರೆ ನೋಡಿದ್ದೆ. ಇನ್ನೇನು ತೊಂದರೆ?

ಬೆಳಗಿನ ಗುಟುಕು ಮೂವರಿಗೂ ಸಿಹಿ. ಕಿತ್ತಳೆಯ ಸಿಹಿ, ಚಕ್ಕೋತದ ಘಮ, ಕೊನೆಗೆ ಒಂದೆಳೆ ಹುಳಿ. ಗಡಿಯಾರದಣ್ಣ ಗಡಿಯಾರ ಮರೆತು "ಇನ್ನೊಂಚೂರು ಇದೆಯಾ?" ಎಂದ. ಅತ್ತೆ ಮುಖ ಆಚೆ ತಿರುಗಿಸಿ ಬರೆದುಕೊಂಡಳು.

ನಾಲ್ಕಕ್ಕೆ ಎರಡನೆಯದು. ನಾಲಿಗೆಯ ಹಿಂಬದಿಯಲ್ಲಿ ಏನೋ ಸಣ್ಣಗೆ ಚುಚ್ಚಿತು. ನುಂಗಿದೆ. ಅದು ಹೋಗಲಿಲ್ಲ, ಗಂಟಲ ತನಕ ಗೆರೆ ಎಳೆದ ಹಾಗೆ ನಿಂತಿತು. ಬಿಸ್ಕತ್ತು ತಿಂದು, ನೀರು ಮುಕ್ಕಳಿಸಿ, ಮತ್ತೆ ಕುಡಿದೆ. ಮತ್ತೆ ಅದೇ. ಬಿಸ್ಕತ್ತಜ್ಜ "ಇಲ್ಲ" ಎಂದ. ಗಡಿಯಾರದಣ್ಣ "ಇಲ್ಲ" ಎಂದ. ಅತ್ತೆ ನನ್ನ ಹಲಗೆಯ ಮುಂದೆ ಬಂದು ನಿಂತಳು. ಚಿಕಿತ್ಸೆಯಿಂದ ಕಪ್ಪಾದ ಅವಳ ಕತ್ತಿನಲ್ಲಿ ನರವೊಂದು ಹೊಡೆದುಕೊಳ್ಳುತ್ತಿತ್ತು.

ಇಲ್ಲ ಎನ್ನಬಹುದಿತ್ತು. ಒಂದು ಪದ. ಆದರೆ ಆ ಕೋಣೆಯಲ್ಲಿ ನಾಲಿಗೆ ತೇಲಿಸಬಾರದೆಂದು ನನಗೆ ಕಲಿಸಿದವಳೇ ಎದುರಿಗಿದ್ದಳು.

"ಕಹಿ ಇದೆ ಅತ್ತೆ. ಸ್ವಲ್ಪ. ಆದರೆ ಇದೆ."

ಅವತ್ತು ನನಗೆ ಎರಡು ಮುಖ್ಯ ಪ್ರಶ್ನೆ ಕೇಳಿದ್ದಳು. ಒಂದಕ್ಕೆ ಸುಳ್ಳು ಹೇಳಿದೆ, ಒಂದಕ್ಕೆ ನಿಜ. ಅದಲುಬದಲು ಮಾಡಿದ್ದರೆ ಆ ಮರ ಇವತ್ತು ನಿಂತಿರುತ್ತಿತ್ತು.

ಅತ್ತೆ ನನ್ನ ಭುಜ ತಟ್ಟಿ, "ಒಳ್ಳೇ ಕೆಲಸ ಮಾಡಿದೆ" ಎಂದಳು, ರುಚಿ ಪುಸ್ತಕದಲ್ಲಿ ಕಹಿ ಎಂದು ಬರೆದಳು. ಬಣ್ಣದ ಡಬ್ಬಿ ತಂದ ಮಾಲಿಯ ಕೈಯಿಂದ ಕುಂಚ ಕಿತ್ತುಕೊಂಡಳು. "ಕೊಡಿಲ್ಲಿ. ಇಷ್ಟು ವರ್ಷ ಬೇರೆಯವರ ಮರಕ್ಕೆ ನಾನು ಬಳಿದಿದ್ದೀನಿ. ನನ್ನ ಮರಕ್ಕೆ ಬೇರೆಯವರ ಕೈಲಿ ಬಳಿಸಿಕೊಳ್ಳಲಾ?" ಕಾಂಡದ ಸುತ್ತ ಪಟ್ಟಿ ನೇರವಾಗಿ ಬಂದಿತು. ಒಂದು ಹನಿಯೂ ಕೆಳಗೆ ಚೆಲ್ಲಲಿಲ್ಲ. ಹನ್ನೊಂದನೇ ದಿನ ಮರ ಹೋಯಿತು.

ಹದಿನಾಲ್ಕನೇ ವಾರ, ಸ್ಕ್ಯಾನಿನಲ್ಲಿ ಪುಟ್ಟಿ ಕೈ ಆಡಿಸಿದ್ದನ್ನು ನೋಡಿಕೊಂಡು, ಆಸ್ಪತ್ರೆಯಿಂದ ನೇರ ಅತ್ತೆಯ ಮನೆಗೆ ಓಡಿದೆ. ಅವಳು ಬಟಾಣಿ ಸುಲಿಯುತ್ತಿದ್ದಳು. ಹೇಳಿದೆ. ಬಟಾಣಿಯೆಲ್ಲ ನೆಲಕ್ಕೆ ಚೆಲ್ಲಿ ನನ್ನ ಮುಖ ಹಿಡಿದುಕೊಂಡಳು.

"ಎಷ್ಟು ವಾರ?"

"ಹದಿನಾಲ್ಕು."

"ಹದಿನಾಲ್ಕು" ಎಂದಳು. ನನ್ನ ಕೆನ್ನೆಯ ಮೇಲಿದ್ದ ಅವಳ ಬೆರಳುಗಳು ಒಂದೊಂದೇ ಅಲುಗಿದವು. ಎಣಿಸುತ್ತಿದ್ದಳು ಎಂದು ಈಗ ಗೊತ್ತು. ಅವತ್ತು, ಹೆರಿಗೆ ಯಾವ ತಿಂಗಳಿಗೆ ಬರುತ್ತದೆಂದು ಲೆಕ್ಕ ಹಾಕುತ್ತಿದ್ದಾಳೆ ಎಂದುಕೊಂಡೆ. ಎದ್ದು ಬಚ್ಚಲಿಗೆ ಹೋದಳು. ನಲ್ಲಿ ಬಹಳ ಹೊತ್ತು ಹರಿಯಿತು. ಬಂದಾಗ ಮುಖ ಒದ್ದೆಯಾಗಿತ್ತು. ನನ್ನ ತಲೆಯ ಮೇಲೆ ಕೈಯಿಟ್ಟು, "ಈ ಮಗು ನಿಲ್ಲುತ್ತೆ. ನಾನು ಹೇಳ್ತೀನಿ ನೋಡು. ಗಟ್ಟಿ ಮಗು" ಎಂದಳು. "ಸಂಜೆವರೆಗೆ ಇರಲಿ ಅನ್ನಲ್ವಾ?" ಎಂದು ಛೇಡಿಸಿದೆ. "ಇಲ್ಲ" ಎಂದಳು. "ಇದಕ್ಕೆ ಅನ್ನಲ್ಲ."

ಪುಟ್ಟಿ ಹುಟ್ಟಿದಳು. ಅತ್ತೆ ಒಂಬತ್ತು ತಿಂಗಳು ಅವಳನ್ನು ಆಡಿಸಿದಳು. ಬಟ್ಟೆ ಮಡಿಸಿದಳು, ನನಗೆ ನಿದ್ದೆ ಮಾಡಿಸಿದಳು, ಕೂಸಿನ ಮುಂದೆ ನಾಲಿಗೆ ಚಾಚಿ, "ಇದು ಕೆಟ್ಟು ಹೋಗಿದೆ ಕಣೇ, ನಿಂದು ತೋರಿಸು, ರಿಪೇರಿಗೆ ಕೊಡೋಣ" ಎಂದು ನಗಿಸಿದಳು. ಮುನ್ನೂರ ಹನ್ನೆರಡರ ಹೆಸರು ಒಂದು ಸಲವೂ ಎತ್ತಲಿಲ್ಲ. ನಾನೇ ಒಮ್ಮೆ ಪಾಪ ನಿನ್ನ ಮರ ಎಂದಾಗ, "ಬಿಡು, ಮರ ತಾನೇ" ಎಂದು ಡಯಪರ್ ತರಲು ಎದ್ದಳು. ಗಂಟು ಮತ್ತೆ ಬಂದಿತು. ಈ ಸಲ ಯಾರೂ ಯಂತ್ರದ ಮಾತೆತ್ತಲಿಲ್ಲ.

ಮನೆ ಖಾಲಿ ಮಾಡಿದ ಮೂರನೇ ದಿನ, ಮೊನ್ನೆ ಬುಧವಾರ, ಎಲೆ ಮೇಡಂ ನಮ್ಮ ಮನೆಗೆ ಬಂದರು. ಅತ್ತೆಯ ಮೇಜಿನಲ್ಲಿದ್ದ ಸಾಮಾನು ತಂದಿದ್ದರು: ಒಂದು ಕನ್ನಡಕ, ನೀರಿನ ಲೋಟ, ಸಪ್ಪೆ ಬಿಸ್ಕತ್ತಿನ ಡಬ್ಬಿ, ರುಚಿ ಪುಸ್ತಕ. ಟೀ ಕುಡಿಯುತ್ತ ಪುಟ್ಟಿಯನ್ನು ನೋಡಿ, "ಹತ್ತು ತಿಂಗಳಾ?" ಎಂದರು. ಲೋಟ ಕೆಳಗಿಟ್ಟು ಹೇಳಿದರು.

"ಕಡಿದು ಐದೂವರೆ ವಾರ ಆದ ಮೇಲೆ ಒಂದಿನ ಅಕ್ಕ ಬಂದಿದ್ರು. ರಜೇಲಿದ್ದೋರು. ಸೌದೆ ರಾಶೀಲಿ ಕೂತು ಹುಡುಕಿದ್ರು, ಒಂದು ಹಸಿ ಕಡ್ಡಿ ಸಿಕ್ಕರೂ ಕಸಿ ಕಟ್ಟಬಹುದು ಅಂತ. ಕೈಯೆಲ್ಲ ಮುಳ್ಳು ಗೀರಿತ್ತು. ಎಲ್ಲಾ ಒಣಗಿಹೋಗಿತ್ತು. ಯಾಕಕ್ಕ ಈಗ, ಕಹಿ ಅಂತ ತಾನೇ ಕಡಿದಿದ್ದು ಅಂದೆ. ಸೆರಗು ಕೊಡವಿಕೊಂಡು ಎದ್ದು ರುಚಿ ಕೋಣೆಗೆ ಹೋದ್ರು."

"ನಿಮ್ಮ ಹತ್ರ ಎಲೆ ಇಲ್ವಾ?" ಎಂದೆ.

"ಇದೆಯಮ್ಮ, ಲಕೋಟೇಲಿ. ಒಣಗಿದ್ದು. ಅದರಲ್ಲಿ ಬರಹ ಇದೆ, ಗಿಡ ಇಲ್ಲ."

"ಅವೇ ಎರಡು ಮರ ಮತ್ತೆ ಕೂಡಿಸಿದರೆ?"

"ಬೇರೆ ಮಗು ಹುಟ್ಟುತ್ತೆ" ಎಂದರು. "ಅದೇ ಮಗು ಹುಟ್ಟಲ್ಲ."

ಅವರು ಹೋದ ಮೇಲೆ ರುಚಿ ಪುಸ್ತಕ ತೆರೆದೆ. ಮೊದಲ ಪುಟದಲ್ಲೇ, ಹಳೆಯ ನೀಲಿ ಶಾಯಿಯಲ್ಲಿ, ಕುರ್ಚಿಯ ಕಟ್ಟಳೆಗಳು. ನಾಲ್ಕನೆಯದು ಹೀಗಿತ್ತು: ಬಸುರಿಯನ್ನು ಕೂರಿಸಬಾರದು. ಮೊದಲ ತಿಂಗಳುಗಳಲ್ಲಿ ಕಹಿ ಹಲವು ಪಟ್ಟು ಹೆಚ್ಚು ಗೊತ್ತಾಗುತ್ತದೆ. ಬೇರೆ ಯಾರಿಗೂ ಇಲ್ಲದ ಕಹಿ ಅವಳಿಗೆ ಇರುತ್ತದೆ. ಕೂತದ್ದು ಆಮೇಲೆ ತಿಳಿದರೆ ಆ ನಾಲಿಗೆ ಎಣಿಕೆಗಿಲ್ಲ.

ಪುಟ ತಿರುವಿದೆ. 312. ಬೆಳಿಗ್ಗೆ: ಸಿಹಿ, ಸಿಹಿ, ಸಿಹಿ. ಸಂಜೆ: ಇಲ್ಲ, ಇಲ್ಲ, ಕಹಿ. ಅದರ ಕೆಳಗೆ ಬೇರೆ ಪೆನ್ನಿನಲ್ಲಿ, ನಾನು ಸ್ಕ್ಯಾನು ಮುಗಿಸಿ ಓಡಿ ಹೋಗಿದ್ದೆನಲ್ಲ, ಆ ದಿನದ ತಾರೀಖು ಹಾಕಿ ಬರೆದಿದ್ದಳು:

ಮೂರನೇ ನಾಲಿಗೆ ಎಣಿಕೆಗಿಲ್ಲ. ಕಾರಣ: ಮನೆಯಲ್ಲಿ ಸಂತೋಷದ ಸುದ್ದಿ.

ಪುಟ್ಟಿ ಬಂದು ಮೊಣಕಾಲು ಹಿಡಿದು ನಿಂತಳು, ಅವಳ ಗೊಣ್ಣೆ ಒರೆಸಿದೆ, ಅನ್ನಕ್ಕಿಟ್ಟೆ, ಕುಕ್ಕರು ಕೂಗಿತು. ಕೈ ತನ್ನ ಕೆಲಸ ತಾನು ಮಾಡುತ್ತಿತ್ತು. ಅತ್ತೆಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಒಂಬತ್ತು ತಿಂಗಳು ನನ್ನ ಮಗಳ ಬಟ್ಟೆ ಮಡಿಸಿದಳು. ನನಗೆ ತಿಳಿಯದ ಹಾಗೆ ನೋಡಿಕೊಂಡಳು. ಆಫೀಸಿನ ಪುಸ್ತಕಕ್ಕೆ ಮಾತ್ರ ಸುಳ್ಳು ಹೇಳಲಾಗಲಿಲ್ಲ.

ಭಾನುವಾರವೇ ತಂದು ನಮ್ಮ ಫ್ರೀಜರಿನಲ್ಲಿಟ್ಟಿದ್ದ ಬಾಟಲಿಯನ್ನು ನಿನ್ನೆ ಬೆಳಿಗ್ಗೆ ಇಳಿಸಿದೆ. ಆ ಬುಧವಾರ ಹಿಂಡಿದ ಕೂಡಲೇ ಒಂದಿಷ್ಟು ರಸ ಅತ್ತೆ ತೆಗೆದಿಟ್ಟುಕೊಂಡಿರಬೇಕು. ಕರಗಿ ಹತ್ತಕ್ಕೆ ಸರಿಯಾಯಿತು. ಪೇಸ್ಟು ಮುಟ್ಟಿರಲಿಲ್ಲ, ಕಾಫಿ ಕುಡಿದಿರಲಿಲ್ಲ. ಬೆಚ್ಚಗಿನ ನೀರಲ್ಲಿ ಬಾಯಿ ಮುಕ್ಕಳಿಸಿ, ಅತ್ತೆಯ ಡಬ್ಬಿಯ ಮೆತ್ತಗಾದ ಬಿಸ್ಕತ್ತು ತಿಂದು, ಅವಳ ಲೋಟಕ್ಕೆ ಎರಡು ಚಮಚ ಸುರಿದುಕೊಂಡೆ.

ನೆಗಡಿ? ಇಲ್ಲ. ಹಲ್ಲುನೋವು? ಇಲ್ಲ. ಮಾತ್ರೆ? ಇಲ್ಲ. ಬಸುರಿ? ಇಲ್ಲ ಅತ್ತೆ, ಈ ಸಲ ನಿಜವಾಗಿ ಇಲ್ಲ.

ಸಿಹಿ. ಒಂದೂವರೆ ವರ್ಷ ಐಸಿನಲ್ಲಿದ್ದು ಘಮ ಮಾಸಿತ್ತು, ಆದರೂ ಅದೇ. ಮುಚ್ಚಿಟ್ಟೆ. ಹತ್ತರಿಂದ ನಾಲ್ಕರವರೆಗೆ ಎರಡು ಬಕೆಟ್ಟು ಬಟ್ಟೆ ಒಗೆದೆ, ಪುಟ್ಟಿಯನ್ನು ಮಲಗಿಸಿದೆ, ಎಬ್ಬಿಸಿದೆ, ಗಡಿಯಾರದಣ್ಣನ ಹಾಗೆ ಹತ್ತು ನಿಮಿಷಕ್ಕೊಮ್ಮೆ ಗೋಡೆ ನೋಡಿದೆ. ಕಹಿಯಾಗಿರಲಿ, ದೇವರೇ, ಒಂದು ಚೂರು ಕಹಿಯಾಗಿರಲಿ ಎಂದು ಬೇಡಿಕೊಂಡೆ.

ನಾಲ್ಕಕ್ಕೆ ಎರಡನೇ ಗುಟುಕು ಕುಡಿದೆ. ನಾಲಿಗೆಯ ಹಿಂಬದಿಯಲ್ಲಿ ಕಾದೆ. ಗಂಟಲಲ್ಲಿ ಕಾದೆ. ನೀರು ಮುಕ್ಕಳಿಸಿ ಇನ್ನೊಂದು ಕುಡಿದೆ. ಎಲ್ಲೂ ಇರಲಿಲ್ಲ.

ರುಚಿ ಪುಸ್ತಕದಲ್ಲಿ ಅವಳ ಸಾಲಿನ ಕೆಳಗೆ ತಾರೀಖು ಹಾಕಿ ಬರೆದೆ: ಮೂರನೇ ನಾಲಿಗೆ, ಸಂಜೆ: ಇಲ್ಲ. ಸಹಿ ಮಾಡಿದೆ. ಅಲ್ಲಿಗೆ ಮೂವರದೂ ಆಯಿತು, ಮರ ಪಾಸಾಯಿತು.

ಪುಟ್ಟಿ ಎತ್ತರದ ಕುರ್ಚಿಯಲ್ಲಿ ಕೂತು ಚಮಚದಿಂದ ತಟ್ಟೆ ಬಡಿಯುತ್ತಿದ್ದಳು. ಬಾಟಲಿಯ ತಳದಲ್ಲಿ ನಾಲ್ಕು ಚಮಚದಷ್ಟು ಉಳಿದಿತ್ತು. ಚೆಲ್ಲಲು ಮನಸ್ಸಾಗಲಿಲ್ಲ, ಇಟ್ಟರೆ ಕೆಡುತ್ತದೆ. ಒಂದು ಚಮಚ ಅವಳ ತುಟಿಗೆ ಹಿಡಿದೆ. ಮೊದಲು ಹ್ಞಾಂ ಎಂಬಂತೆ ನನ್ನನ್ನು ನೋಡಿದಳು. ಆಮೇಲೆ ಬಾಯಿ ಅಗಲಿಸಿದಳು. ಎರಡು. ಮೂರು. ಬಾಟಲಿ ತಲೆಕೆಳಗೆ ಮಾಡಿ, ತಳ ತಟ್ಟಿ, ನಾಲ್ಕನೆಯದನ್ನೂ ಕೊಟ್ಟೆ. ಚಪ್ಪರಿಸಿ ನುಂಗಿ, ಗಲ್ಲದ ಮೇಲಿನ ಹನಿಯನ್ನೂ ಕೈಯಲ್ಲಿ ಬಳಿದು ನೆಕ್ಕಿ, ಇನ್ನೂ ಬೇಕೆಂದು ಚಮಚ ಬಡಿದಳು.

"ಇಲ್ಲ ಕಂದಾ" ಎಂದೆ. "ಖಾಲಿಯಾಯ್ತು."

ಅವಳಿಗೆ ಅರ್ಥವಾಗಲಿಲ್ಲ. ಬಡಿಯುತ್ತಲೇ ಇದ್ದಳು.